ತಪ್ಪು ಲೆಕ್ಕಕ್ಕೆ ಉದ್ದ ಕಾಗದ

ಜುಲೈ 5

ಚೂಟಿಗೆ,

ಭಾನುವಾರ ಫೋನಿನಲ್ಲೇ ಇದನ್ನೆಲ್ಲ ಹೇಳಬೇಕೆಂದಿದ್ದೆ. ಫೋನು ಇರುವುದು ಹೆಡ್‌ಮಾಸ್ಟರ ಕೋಣೆಯಲ್ಲಿ. ಅವರು ಎದುರಿಗೇ ಕೂತು ಪೇಪರ್ ಓದುತ್ತಿರುತ್ತಾರೆ. "ಊಟ ಆಯ್ತಾ" ಅನ್ನುವುದು ಬಿಟ್ಟರೆ ನನ್ನ ಬಾಯಿಂದ ಬೇರೆ ಮಾತು ಹೊರಡುವುದಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಕಟ್ಟುತ್ತಿದ್ದಾರೆ. ಮುಂದಿನ ಜೂನ್‌ಗೆ ತೆರೆಯುತ್ತದೆ. ಸಿಬ್ಬಂದಿಯ ಮಕ್ಕಳಿಗೆಂದು ಒಂದು ಜಾಗ ಇಟ್ಟಿದ್ದಾರೆ, ಅದಕ್ಕೆ ನಿನ್ನ ಹೆಸರು ಕೊಟ್ಟಿದ್ದೇನೆ. ಆದರೆ ಫೆಬ್ರವರಿ ಕೊನೆಗೆ ಪ್ರವೇಶ ಪರೀಕ್ಷೆ ಇರುತ್ತದೆ. ಮೇಷ್ಟ್ರ ಮಗಳು ಅಂತ ರಿಯಾಯಿತಿ ಇಲ್ಲ. ಸೇರಿಸಿಕೊಳ್ಳುವುದು ಎಂಟನೇ ತರಗತಿಗೆ ಮಾತ್ರ, ಆಮೇಲೆ ನಡುವೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಇದೊಂದೇ ಸಲ.

ಪರೀಕ್ಷೆಯಲ್ಲಿ ಘಾತಾಂಕದ ಲೆಕ್ಕಗಳೇ ಜಾಸ್ತಿ. ನಿಮ್ಮ ಶಾಲೆಯಲ್ಲಿ ಆ ಪಾಠ ಬರುವ ಹೊತ್ತಿಗೆ ಪರೀಕ್ಷೆ ಮುಗಿದು ಹೋಗಿರುತ್ತದೆ. ಅದನ್ನು ನಾನೇ ಅಂಚೆಯಲ್ಲಿ ಕಲಿಸುತ್ತೇನೆ. 10×10×10 ಎಂದು ಉದ್ದಕ್ಕೆ ಬರೆಯುವ ಬದಲು 10³ ಎಂದು ಬರೆಯುತ್ತೇವೆ. ಕೆಳಗಿರುವ ಹತ್ತು ಆಧಾರ. ಅದರ ತಲೆಯ ಮೇಲೆ ಕೂತ ಪುಟ್ಟ ಮೂರು ಘಾತಾಂಕ. ಎಷ್ಟು ಹತ್ತುಗಳನ್ನು ಒಂದಕ್ಕೊಂದು ಗುಣಿಸಬೇಕು ಅಂತ ಅದು ಹೇಳುತ್ತದೆ, ಅಷ್ಟೇ ಅದರ ಕೆಲಸ. ಹತ್ತು ಲೆಕ್ಕದ ಹಾಳೆ ಇಟ್ಟಿದ್ದೇನೆ. ಮಾಡಿ ಕಳಿಸು. ತಪ್ಪಿದ್ದರೆ ತಿದ್ದುತ್ತೇನೆ.

ಚಿಕ್ಕಮ್ಮನಿಗೆ ತೊಂದರೆ ಕೊಡಬೇಡ.

ಅಪ್ಪ


ಜುಲೈ 18

ಅಪ್ಪನಿಗೆ,

ಎಲ್ಲ ಲೆಕ್ಕ ಮಾಡಿದೆ. ಒಂದು ಸಂಜೆಗೇ ಮುಗಿದು ಹೋಯಿತು, ಇನ್ನೂ ಸ್ವಲ್ಪ ಕಷ್ಟದ್ದು ಕಳಿಸಿ. ಇದು ನನಗೆ ಬೇಗ ತಲೆಗೆ ಹತ್ತಿದ್ದು ಯಾಕೆ ಗೊತ್ತಾ, ನಮ್ಮನೆ ತುಂಬ ಹತ್ತುಗಳೇ. ಚಿಕ್ಕಮ್ಮ ಈಗ ಶಾಲೆ ಸಮವಸ್ತ್ರ ಹೊಲಿಯೋ ಗುತ್ತಿಗೆ ಹಿಡಿದಿದ್ದಾರೆ. ಅಂಗಿ ಗುಂಡಿಗಳು ಒಂದು ಕಾರ್ಡಿಗೆ ಹತ್ತು ಇರ್ತಾವೆ. ಹತ್ತು ಕಾರ್ಡು ಒಂದು ಡಬ್ಬಿ, ಹತ್ತು ಡಬ್ಬಿ ಒಂದು ಪೆಟ್ಟಿಗೆ. ಶನಿವಾರ ಪೂರ್ತಿ ನಾನೇ ಗುಂಡಿ ಹಚ್ಚೋದು.

ಚಿಕ್ಕಮ್ಮ ನಿಮ್ಮ ಕಾಗದ ನೋಡಿ, "ಅಬ್ಬಾ, ನಿಮ್ಮಪ್ಪ ಇಷ್ಟೊಂದು ಮಾತಾಡ್ತಾರಾ? ಫೋನಲ್ಲಿ ಬಾಯಿಗೆ ಬೀಗ ಹಾಕ್ಕೊಂಡಿರ್ತಾರಲ್ಲೇ" ಅಂದರು. ಚಿಕ್ಕಪ್ಪ ವ್ಯಾನು ತಗೊಂಡು ಹೋದವರು ಗುರುವಾರವೇ ಬರೋದು.

ಹಾಸ್ಟೆಲ್ ನಿಮ್ಮ ರೂಮಿಂದ ಕಾಣುತ್ತಾ? ಅಲ್ಲಿ ಮಕ್ಕಳು ಊಟಕ್ಕೆ ಎಲ್ಲಿ ಕೂರ್ತಾರೆ? ನೀವೂ ಅಲ್ಲೇ ಊಟ ಮಾಡೋದಾ?

ನಾನು ಚೆನ್ನಾಗಿದ್ದೀನಿ.

ನಿಮ್ಮ
ಚೂಟಿ


ಜುಲೈ 31

ಚೂಟಿಗೆ,

ಹತ್ತೂ ಸರಿ. ಎರಡನೇ ಹಾಳೆ ಜೊತೆಗಿದೆ. ಮಳೆಯಲ್ಲಿ ನೆನೆಯಬೇಡ.

ಅಪ್ಪ


ಆಗಸ್ಟ್ 13

ಅಪ್ಪನಿಗೆ,

ಕಾಗದ ಬಂತು. ಲಕೋಟೆ ದಪ್ಪ ಇತ್ತು ಅಂತ ಕುಣಿದುಕೊಂಡು ಒಡೆದರೆ ಲೆಕ್ಕದ ಹಾಳೆ. ನಿಮ್ಮ ಮಾತು ಒಂದು ಸಾಲು. ಚಿಕ್ಕಮ್ಮ ಲಕೋಟೆ ತಲೆಕೆಳಗೆ ಮಾಡಿ ಒದರಿ ನೋಡಿದರು, ಇನ್ನೇನಾದರೂ ಉದುರುತ್ತೇನೋ ಅಂತ.

ನಾನು ಕೇಳಿದ್ದಕ್ಕೆ ನೀವು ಉತ್ತರವೇ ಬರೆದಿಲ್ಲ.

ಎರಡನೇ ಹಾಳೆ ಮಾಡಿದೀನಿ. ಕೊನೆ ಲೆಕ್ಕ ತೀರಾ ಸುಲಭ, ನಾನೇನು ಅಷ್ಟು ಚಿಕ್ಕವಳಲ್ಲ. 10⁰ ಎಷ್ಟು ಅಂತ ಕೇಳಿದ್ದೀರಿ. ಒಂದು ಹತ್ತೂ ಇಲ್ಲ ಅಂದಮೇಲೆ ಸೊನ್ನೆ ತಾನೇ.

ಚೂಟಿ


ಆಗಸ್ಟ್ 27

ನನ್ನ ಚೂಟಿಗೆ,

ಸಿಕ್ಕಿಬಿದ್ದೆಯಾ. ಈ ಲೆಕ್ಕ ಬೇಕೆಂದೇ ಕೊನೆಗೆ ಇಟ್ಟಿದ್ದೆ. ನನ್ನ ತರಗತಿಯಲ್ಲೂ ಎಲ್ಲರೂ ಕಣ್ಣು ಮುಚ್ಚಿ ಸೊನ್ನೆ ಅಂತಲೇ ಬರೆಯುತ್ತಾರೆ, ಅದೂ ಬಹಳ ಜಂಬದಿಂದ.

ನಿನ್ನ ಗುಂಡಿಗಳನ್ನೇ ತೆಗೆದುಕೋ. ಪೆಟ್ಟಿಗೆಯಲ್ಲಿ ಸಾವಿರ ಗುಂಡಿ, ಅದು 10³. ಡಬ್ಬಿಯಲ್ಲಿ ನೂರು, ಅದು 10². ಕಾರ್ಡಿನಲ್ಲಿ ಹತ್ತು, ಅದು 10¹. ಘಾತಾಂಕ ಒಂದೊಂದು ಮೆಟ್ಟಿಲು ಇಳಿದಾಗಲೆಲ್ಲ ಗುಂಡಿಗಳು ಹತ್ತರಲ್ಲಿ ಒಂದು ಪಾಲಾಗುತ್ತವೆ. ಈಗ ಇನ್ನೊಂದು ಮೆಟ್ಟಿಲು ಇಳಿ. ಕಾರ್ಡಿನಿಂದ ಕಿತ್ತು ಕೈಗೆ ತೆಗೆದುಕೊಂಡದ್ದು ಎಷ್ಟು? ಒಂದು ಗುಂಡಿ. ಸೊನ್ನೆಯಲ್ಲ. 10⁰ ಅಂದರೆ 1.

ನೀನು ಮಾಡಿದ ತಪ್ಪನ್ನೇ ನಿನ್ನಮ್ಮನೂ ಮಾಡಿದ್ದಳು. ಮದುವೆಯಾದ ಹೊಸತರಲ್ಲಿ ನನಗೆ ಅವಳ ಹತ್ತಿರ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ. ಲೆಕ್ಕ ಹೇಳಿಕೊಡಲಾ ಅಂದೆ. ಪಾಪ, ಹೂಂ ಅಂದಳು. ಇದೇ ಪಾಠಕ್ಕೆ ಬಂದಾಗ ಪೆನ್ಸಿಲು ಕೆಳಗಿಟ್ಟು, "ಹತ್ತು ಅಂತ ಒಂದು ಸಲವೂ ಬರೀಲಿಲ್ಲ ಅಂದ್ರೆ ಹಾಳೆ ಖಾಲಿ. ಖಾಲಿ ಹಾಳೆಗೆ ಒಂದು ಅಂತ ಬೆಲೆ ಕಟ್ಟೋ ಗಂಡಸು ನೀವೊಬ್ಬರೇ ಕಣ್ರೀ" ಅಂದಳು. ನಾನು ಅವತ್ತು ಬಿದ್ದು ಬಿದ್ದು ನಕ್ಕೆ. ಅವಳಿಗೆ ಕೋಪ ಬಂತು. ಆಮೇಲೆ ಅವಳೂ ನಕ್ಕಳು. ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಅಡುಗೆಮನೆಯ ಕಿಟಕಿಗೆ ಗಾಜು ಕೂಡ ಹಾಕಿಸಿರಲಿಲ್ಲ, ರಟ್ಟು ಅಡ್ಡ ಇಟ್ಟಿದ್ದೆವು.

ಇದೆಲ್ಲ ಯಾಕೆ ಬರೆದೆನೋ. ನಾಲ್ಕು ಪುಟ ಆಗಿದೆ. ಮೂರನೇ ಹಾಳೆ ಮಾಡು.

ಅಪ್ಪ


ಸೆಪ್ಟೆಂಬರ್ 9

ಅಪ್ಪನಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆ ಅಂದರೆ ಮಡಿಕೆ ಹತ್ತಿರ ಹರಿಯೋಕೆ ಬಂದಿದೆ. ಚಿಕ್ಕಮ್ಮನಿಗೂ ಓದಿ ಹೇಳಿದೆ. ರಟ್ಟಿನ ಕಿಟಕಿ ಅಂದ ತಕ್ಷಣ ಅವರು ಮಷೀನು ನಿಲ್ಲಿಸಿ, "ನಮ್ಮಕ್ಕ ಒಂದಿನಾನೂ ಈ ಮಾತು ನನಗೆ ಹೇಳ್ಲಿಲ್ಲ ನೋಡು" ಅಂದರು. ಆಮೇಲೆ ಸೂಜಿಗೆ ದಾರ ಪೋಣಿಸೋಕೆ ಆಗದೆ ನನ್ನ ಕೈಗೆ ಕೊಟ್ಟರು.

ಅಮ್ಮನ ವಿಷಯ ಇನ್ನೂ ಬರೆಯಿರಿ. ಲೆಕ್ಕದ ಜೊತೆಗೇ ಬರೆದರೂ ಸಾಕು.

ಮೂರನೇ ಹಾಳೆ ಕಳಿಸಿದ್ದೀನಿ. 10³ × 10² ಅಂತ ಇತ್ತಲ್ಲ, ಮೂರೆರಡಲ ಆರು ಅಂತ 10⁶ ಬರೆದೆ. ಸರಿಯೋ ತಪ್ಪೋ ಗೊತ್ತಿಲ್ಲ. ತಪ್ಪಾಗಿದ್ದರೆ ವಿವರವಾಗಿ ಹೇಳಿಕೊಡಿ.

ನಿಮ್ಮ
ಚೂಟಿ


ಸೆಪ್ಟೆಂಬರ್ 22

ಚೂಟಿಗೆ,

ತಪ್ಪು, ಆದರೆ ತಪ್ಪಿಗೂ ಒಂದು ಮರ್ಯಾದೆ ಇದೆ. ಗುಣಾಕಾರದ ಗುರುತು ಕಂಡ ಕೂಡಲೇ ಕಂಡದ್ದನ್ನೆಲ್ಲ ಗುಣಿಸಿಬಿಟ್ಟೆ. ಬಿಡಿಸಿ ಬರೆದು ನೋಡು. (10×10×10) × (10×10). ಈಗ ಹತ್ತುಗಳನ್ನು ಬೆರಳಿಟ್ಟು ಎಣಿಸು. ಐದು. ಆದ್ದರಿಂದ 10⁵. ಹತ್ತುಗಳು ಒಂದರ ಪಕ್ಕ ಒಂದು ಬಂದು ನಿಂತವು, ಘಾತಾಂಕಗಳನ್ನು ಕೂಡಿದರೆ ಮುಗಿಯಿತು.

10⁵ಕ್ಕೂ 10⁶ಕ್ಕೂ ಒಂದೇ ಒಂದು ಸೊನ್ನೆ ವ್ಯತ್ಯಾಸ, ಅದೇನು ಮಹಾ ಅಂತ ನನ್ನ ಹುಡುಗರು ವಾದ ಮಾಡುತ್ತಾರೆ. ಒಂದು ಲಕ್ಷ ಸೆಕೆಂಡು ಅಂದರೆ ಒಂದು ದಿನದ ಮೇಲೆ ಸ್ವಲ್ಪ ಹೊತ್ತು. ಹತ್ತು ಲಕ್ಷ ಸೆಕೆಂಡು ಅಂದರೆ ಹನ್ನೊಂದು ದಿನ ಚಿಲ್ಲರೆ. ನಿನ್ನ ಕಾಗದ ನನಗೆ ತಲುಪಲು ಅಷ್ಟು ಹೊತ್ತು ಹಿಡಿಯುತ್ತದೆ. ಆ ಒಂದು ಸೊನ್ನೆ ಎಷ್ಟು ಉದ್ದ ಅಂತ ನನ್ನನ್ನು ಕೇಳು.

ಇನ್ನೂ ಮೇಲಕ್ಕೆ ಹೋದರೆ 10⁹ ಸೆಕೆಂಡು. ಮೂವತ್ತೊಂದು ವರ್ಷ, ಮೇಲೆ ಕೆಲವು ತಿಂಗಳು. ಮೊನ್ನೆ ಬೋರ್ಡಿನ ಮೇಲೆ ಇದನ್ನು ಬರೆದು ಹುಡುಗರ ಕಡೆ ತಿರುಗಿದವನು ಮೇಜು ಹಿಡಿದು ನಿಂತುಬಿಟ್ಟೆ. ನಿನ್ನಮ್ಮ ಬದುಕಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ನಾನು ಎರಡು ವರ್ಷದಿಂದ ಯಾರ ಹತ್ತಿರವೂ ಆಡದ ದುಃಖ ಅದು, ಬೋರ್ಡಿನ ಮೇಲೆ ಅಂಗೈಯಗಲದ ಜಾಗದಲ್ಲಿ ಬಂದು ಕೂತಿತ್ತು. ಹುಡುಗರು ನನಗೆ ತಲೆ ಸುತ್ತಿತು ಅಂದುಕೊಂಡು ಕುರ್ಚಿ ತಂದರು.

ನೀನು ಕೇಳಿದ್ದೆಯಲ್ಲ. ಹೌದು, ಹಾಸ್ಟೆಲ್ ನನ್ನ ಕೋಣೆಯಿಂದ ಕಾಣುತ್ತದೆ. ಗಾರೆ ಮುಗಿದಿದೆ, ಕಿಟಕಿಗಳಿಗೆ ಇನ್ನೂ ಬಾಗಿಲು ಬಂದಿಲ್ಲ. ಊಟ ಎಲ್ಲರಿಗೂ ಒಂದೇ ಹಾಲ್‌ನಲ್ಲಿ, ಮೇಷ್ಟ್ರುಗಳು ಮೂಲೆಯ ಮೇಜಿನಲ್ಲಿ.

ನಾಲ್ಕನೇ ಹಾಳೆ ಸ್ವಲ್ಪ ಗಟ್ಟಿ. ಅವಸರ ಮಾಡಬೇಡ.

ಅಪ್ಪ


ಅಕ್ಟೋಬರ್ 6

ಅಪ್ಪನಿಗೆ,

ನಾಲ್ಕನೇ ಹಾಳೆ ನನಗೆ ಬರಲೇ ಇಲ್ಲ. 10⁻² ಅಂದರೆ ಮೈನಸ್ ನೂರು ಅಂತ ಬರೆದಿದ್ದೀನಿ. 10³ + 10² ಅಂದರೆ 10⁵ ಅಂತ ಬರೆದಿದ್ದೀನಿ, ನೀವೇ ಕೂಡಬೇಕು ಅಂದಿದ್ದಿರಲ್ಲ. ಇನ್ನೂ ಮೂರು ತಪ್ಪು ಇರಬಹುದು. ಒಂದೊಂದನ್ನೂ ಬೇರೆ ಬೇರೆಯಾಗಿ ಹೇಳಿಕೊಡಿ, ಒಟ್ಟಿಗೆ ಹೇಳಿದರೆ ನನಗೆ ಅರ್ಥ ಆಗಲ್ಲ.

ಕುರ್ಚಿ ತಂದ ಹುಡುಗರು ಒಳ್ಳೆಯವರು. ನೀವು ಸರಿಯಾಗಿ ಊಟ ಮಾಡಿ ಅಪ್ಪ.

ಭಾನುವಾರ ಫೋನಲ್ಲಿ ನೀವು "ಮತ್ತೆ?" ಅಂದಿರಿ, ನಾನೂ "ಮತ್ತೆ?" ಅಂದೆ. ಆಮೇಲೆ ಕಟ್ ಆಯಿತು. ಅದಕ್ಕಿಂತ ಕಾಗದವೇ ವಾಸಿ.

ಚೂಟಿ


ಅಕ್ಟೋಬರ್ 20

ಚೂಟಿ,

ಮೊದಲು ಕೂಡುವ ಲೆಕ್ಕ. 10³ + 10² ಅಂದರೆ ಒಂದು ಪೆಟ್ಟಿಗೆ ಮತ್ತು ಒಂದು ಡಬ್ಬಿ. ಸಾವಿರದ ನೂರು ಗುಂಡಿ, ಅದಕ್ಕಿಂತ ಒಂದೂ ಹೆಚ್ಚಿಲ್ಲ. 10⁵ ಅಂದರೆ ಲಕ್ಷ ಗುಂಡಿ, ಚಿಕ್ಕಮ್ಮ ನಿಮ್ಮ ಬೀದಿಗೆಲ್ಲ ಅಂಗಿ ಹೊಲಿಯಬೇಕಾಗುತ್ತದೆ. ಗುಣಿಸುವಾಗ ಮಾತ್ರ ಘಾತಾಂಕ ಕೂಡುವುದು. ಇದನ್ನು ಹೋದ ಕಾಗದದಲ್ಲಿ ಹೇಳಿದ್ದೆ. ಇರಲಿ, ಮತ್ತೊಮ್ಮೆ ಹೇಳುವುದಕ್ಕೆ ನನಗೇನು ಖರ್ಚು.

ಋಣ ಘಾತಾಂಕ ಸಾಲವಲ್ಲ, ಸೊನ್ನೆಯ ಕೆಳಕ್ಕೆ ಹೋಗುವುದೂ ಅಲ್ಲ. ಮೆಟ್ಟಿಲು ಇಳಿಯುತ್ತಾ ಬಂದು ಕೈಯಲ್ಲಿ ಒಂದು ಗುಂಡಿ ಉಳಿದಿತ್ತಲ್ಲ, ಅದನ್ನೂ ಹತ್ತು ಚೂರು ಮಾಡಿದರೆ ಒಂದು ಚೂರು 10⁻¹. ಆ ಚೂರನ್ನು ಮತ್ತೆ ಹತ್ತು ಮಾಡಿದರೆ 10⁻², ನೂರರಲ್ಲಿ ಒಂದು ಪಾಲು. ಎಷ್ಟು ಇಳಿದರೂ ಏನೋ ಒಂದು ಉಳಿದೇ ಇರುತ್ತದೆ.

ನಿನ್ನಮ್ಮನ ಬಾಚಣಿಗೆ ನನ್ನ ಹತ್ತಿರ ಇದೆ. ಚಿಕ್ಕಮ್ಮ ಕೇಳಿದಾಗ ಕಳೆದುಹೋಯಿತು ಅಂದಿದ್ದೆ. ಅದರಲ್ಲಿ ಸಿಕ್ಕಿಕೊಂಡಿದ್ದ ಒಂದು ಕೂದಲನ್ನು ಪ್ರಯೋಗಶಾಲೆಯ ಸ್ಕ್ರೂಗೇಜಿಗೆ ಇಟ್ಟು ಅಳೆದೆ. ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಮೀಟರಿನಲ್ಲಿ ಹೇಳುವುದಾದರೆ 10⁻⁴ರ ಹತ್ತಿರ. ಅಳೆದು ಮತ್ತೆ ಬಾಚಣಿಗೆಗೇ ಸಿಕ್ಕಿಸಿಟ್ಟೆ. ವಿಜ್ಞಾನದ ಮೇಷ್ಟ್ರು ಏನು ಮಾಡ್ತಿದ್ದೀರಿ ಅಂತ ಕೇಳಿದರು, ಪಾಠಕ್ಕೆ ಅಂದೆ. ಸುಳ್ಳೇನೂ ಅಲ್ಲ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಲೆಕ್ಕ ನಿನಗೆ ತುಂಬ ಕಷ್ಟ ಆಗುತ್ತಿದೆಯಾ? ಮೊದಲ ಹಾಳೆ ಚೆನ್ನಾಗಿ ಮಾಡಿದ್ದೆ. ಈಗ ಹಾಳೆಯಿಂದ ಹಾಳೆಗೆ ತಪ್ಪು ಹೆಚ್ಚಾಗುತ್ತಿದೆ. ನಾನು ಅವಸರದಲ್ಲಿ ಎಳೆಯುತ್ತಿದ್ದೇನೇನೋ. ಐದನೇ ಹಾಳೆ ಇಟ್ಟಿದ್ದೇನೆ, ನಿಧಾನವಾಗಿ ಮಾಡು.

ಅಪ್ಪ


ನವೆಂಬರ್ 4

ಅಪ್ಪನಿಗೆ,

ಕಷ್ಟ ಆಗುತ್ತೆ, ಆದರೂ ನೀವು ಹೇಳಿಕೊಟ್ಟರೆ ಕಲೀತೀನಿ. ಬಿಡಬೇಡಿ. ಬಾಚಣಿಗೆ ವಿಷಯ ಚಿಕ್ಕಮ್ಮನಿಗೆ ಹೇಳಲ್ಲ, ಪ್ರಾಮಿಸ್. ಆ ಸಾಲು ಬಂದಾಗ ಕೆಮ್ಮಿದ ಹಾಗೆ ಮಾಡಿ ಹಾರಿಸಿ ಓದಿದೆ.

ಇಲ್ಲಿ ಒಂದು ದೊಡ್ಡ ತಮಾಷೆ ಆಯಿತು. ಗುಂಡಿ ಅಂಗಡಿಯವನು ಫೋನು ಮಾಡಿದಾಗ ಚಿಕ್ಕಮ್ಮ ಮಷೀನು ತುಳಿಯುತ್ತಲೇ "ಹತ್ತು ಕಳಿಸಪ್ಪ" ಅಂದಿದ್ದಾರೆ. ಡಬ್ಬಿಯೋ ಪೆಟ್ಟಿಗೆಯೋ ಹೇಳಲೇ ಇಲ್ಲ. ಗಾಡಿ ತುಂಬ ಪೆಟ್ಟಿಗೆ ಬಂದವು. ನಾನು ಬಾಗಿಲಲ್ಲೇ ನಿಂತು, "ಚಿಕ್ಕಮ್ಮ, ಹತ್ತು ಸಾವಿರ ಗುಂಡಿ. ಅಂಗಿಗೆ ಎಂಟರ ಹಾಗೆ ಹಚ್ಚಿದರೂ ಸಾವಿರದ ಇನ್ನೂರೈವತ್ತು ಅಂಗಿ ಹೊಲೀಬೇಕು, ನಾನು ಮುದುಕಿ ಆಗ್ತೀನಿ" ಅಂದೆ. ಗಾಡಿಯವನು ಬೆರಳು ಮಡಚಿ ಮಡಚಿ ಎಣಿಸಿ, "ಹೌದಲ್ಲ" ಅಂತ ಒಂಬತ್ತು ಪೆಟ್ಟಿಗೆ ವಾಪಸ್ ಏರಿಸಿಕೊಂಡ. ಚಿಕ್ಕಮ್ಮ ಬಂದವರಿಗೆಲ್ಲ ಇದನ್ನೇ ಹೇಳ್ತಿದ್ದಾರೆ, ನಮ್ಮ ಹುಡುಗಿ ಇಲ್ದಿದ್ರೆ ನಾನು ಮುಳುಗಿ ಹೋಗ್ತಿದ್ದೆ ಅಂತ.

ಐದನೇ ಹಾಳೆ ಇಟ್ಟಿದ್ದೀನಿ. ಬಹಳ ತಪ್ಪು ಇರಬಹುದು. 10⁶ ಅನ್ನೋದು 10³ರ ಎಷ್ಟರಷ್ಟು ಅಂತ ಕೇಳಿದ್ದೀರಿ. ಆರು ಅನ್ನೋದು ಮೂರರ ಎರಡರಷ್ಟು, ಹಾಗಾಗಿ ಎರಡರಷ್ಟು ಅಂತ ಬರೆದೆ. ಘಾತಾಂಕ ಅಂದರೇನು ಅಂತಲೇ ಮರೆತುಹೋದ ಹಾಗಿದೆ. ಮೊದಲಿಂದ ಹೇಳಿಕೊಡ್ತೀರಾ?

ನಿಮ್ಮ
ಚೂಟಿ


ಡಿಸೆಂಬರ್ 12

ಅಪ್ಪನಿಗೆ,

ನಿಮ್ಮ ಕಾಗದ ಬರಲಿಲ್ಲ. ಐದನೇ ಹಾಳೆ ಸಿಕ್ಕಿತಾ? ಭಾನುವಾರ ಕೇಳಿದರೆ "ಬರೀತೀನಿ" ಅಂದು ಫೋನು ಇಟ್ಟುಬಿಟ್ಟಿರಿ. ಹುಷಾರಿಲ್ವಾ?

ಚಿಕ್ಕಮ್ಮ ನನಗೆ ಹಾಸ್ಟೆಲ್ಲಿಗೆ ಅಂತ ಎರಡು ಹೊದಿಕೆ ಹೊಲಿದಿದ್ದಾರೆ, ಮೂಲೆಯಲ್ಲಿ ಬಟ್ಟೆ ಚೂರಿನಿಂದ ಗುರುತು ಹಾಕಿ. "ಅಲ್ಲಿ ಹೋಗಿ ಇನ್ನೊಬ್ಬಳ ಹೊದಿಕೆ ಹೊದ್ದುಕೊಂಡು ಬಂದೀಯ" ಅಂತ. ಟ್ರಂಕಿಗೆ ಚಿಕ್ಕಪ್ಪ ನೀಲಿ ಬಣ್ಣ ಬಳಿದರು. ಒಣಗೋ ಮೊದಲೇ ನಾನು ಕೈ ಇಟ್ಟು ನೋಡಿದೆ, ಈಗ ಒಂದು ಬೆರಳು ನೀಲಿ.

ಬೇಗ ಬರೆಯಿರಿ.

ಚೂಟಿ


ಜನವರಿ 2

ಮಗಳೇ,

ಈ ಕಾಗದವನ್ನು ಬಹಳ ಸಲ ಬರೆಯಲು ಕೂತು ಎದ್ದಿದ್ದೇನೆ. ನಿನ್ನ ಐದನೇ ಹಾಳೆ ಸಿಕ್ಕಿತು. ಅದನ್ನು ನೋಡಿ ನನಗೆ ನಿನ್ನ ಮೇಲೆ ಒಂದಿಷ್ಟೂ ಕೋಪ ಬರಲಿಲ್ಲ, ಇದನ್ನು ಮೊದಲು ನಂಬು. ನನ್ನ ಮೇಲೇ ಬೇಸರವಾಯಿತು. ಜುಲೈನಲ್ಲಿ ಗೊತ್ತಿದ್ದದ್ದೂ ನವೆಂಬರಿಗೆ ಮರೆತುಹೋಗಿದೆ ಅಂದರೆ, ಹೆದರಿಕೆಯಿಂದ ತಲೆ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವನು ನಾನು, ನನಗೆ ಇದು ತಿಳಿಯುತ್ತದೆ.

ಇಲ್ಲಿ ಪ್ರವೇಶ ಪರೀಕ್ಷೆಯ ಅಂಕಗಳನ್ನು ಹೆಡ್‌ಮಾಸ್ಟರು ಜಗಲಿಯಲ್ಲಿ ನಿಂತು ಎಲ್ಲರ ಮುಂದೆ ಓದುತ್ತಾರೆ. ಹೋದ ವರ್ಷ ವಾರ್ಡನ್ನರ ಮಗನ ಹೆಸರು ಕೊನೆಯದಾಗಿ ಬಂತು. ಆ ಹುಡುಗ ಗೋಡೆ ಕಡೆ ಮುಖ ಮಾಡಿ ನಿಂತದ್ದನ್ನು ನಾನು ನೋಡಿದ್ದೇನೆ. ಅಲ್ಲಿ ನಿನ್ನನ್ನು ನಿಲ್ಲಿಸಲು ನನ್ನ ಕೈಲಾಗುವುದಿಲ್ಲ.

ನೀನು ಬರೆದ ಗುಂಡಿಯ ಕತೆಯನ್ನು ಓದಿ ಓದಿ ನಕ್ಕೆ. ಆ ಮನೆಯಲ್ಲಿ ನೀನು ಬೇಕಾದವಳಾಗಿದ್ದೀಯ. ಚಿಕ್ಕಮ್ಮ ನಿನ್ನನ್ನು "ನಮ್ಮ ಹುಡುಗಿ" ಅನ್ನುತ್ತಾಳೆ. ಅಂಥ ಕಡೆಯಿಂದ ಕಿತ್ತು ತಂದು, ಬಾರದ ಲೆಕ್ಕದ ಮುಂದೆ ಕೂರಿಸಿ, ಸಂಜೆ ಹೊತ್ತು ಒಂದು ಮಾತು ಆಡಲೂ ಬಾರದ ಅಪ್ಪನ ಜೊತೆ ಬಿಡುವುದು ನನ್ನ ಸ್ವಾರ್ಥ ಅನ್ನಿಸಿತು.

ಹೆಸರು ವಾಪಸ್ ತೆಗೆಯಲು ಮೊನ್ನೆ ಕೊನೆಯ ದಿನ. ತೆಗೆದೆ. ಆ ಜಾಗ ಸ್ಟೋರ್‌ಕೀಪರನ ಮಗಳಿಗೆ ಹೋಗಿದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನ್ನ ಮುಖ ನೋಡಿ ಬರುತ್ತೇನೆ ಅನ್ನುತ್ತಿದ್ದೆ.

ಇನ್ನು ಹಾಳೆ ಕಳಿಸುವುದಿಲ್ಲ. ಹಾಯಾಗಿರು.

ಅಪ್ಪ


ಜನವರಿ 15

ಅಪ್ಪ,

ನನಗೆ ಎಲ್ಲ ಲೆಕ್ಕ ಬರುತ್ತೆ. ಮೊದಲಿಂದಲೂ ಬರುತ್ತಿತ್ತು. 10⁰ ಒಂದೇ ನಿಜವಾಗಿ ತಪ್ಪಿದ್ದು.

ನಾನು ಸರಿ ಮಾಡಿದಾಗ ನೀನು ಒಂದು ಸಾಲು ಬರೆದೆ. ತಪ್ಪು ಮಾಡಿದಾಗ ನಾಲ್ಕು ಪುಟ ಬರೆದೆ, ಅಮ್ಮ ನಕ್ಕದ್ದು ಬರೆದೆ. ನಾನು ಮತ್ತೇನು ಮಾಡಬೇಕಿತ್ತು? ಬೇಕೂಂತಲೇ ತಪ್ಪು ಬರೆದೆ. ಸರಿ ಉತ್ತರ ಮೊದಲು ಸ್ಲೇಟಿನ ಮೇಲೆ ಮಾಡಿ, ಆಮೇಲೆ ಯಾವ ತಪ್ಪಿಗೆ ನೀನು ಜಾಸ್ತಿ ಬರೀತೀಯ ಅಂತ ಯೋಚನೆ ಮಾಡಿ ಅದನ್ನು ಹಾಳೆ ಮೇಲೆ ಬರೀತಿದ್ದೆ. ಒಂದು ಸಲ ಚಿಕ್ಕಮ್ಮ ನೋಡಿ, "ಇದು ನಿಂಗೆ ಬರುತ್ತಲ್ಲೇ, ಯಾಕೆ ಹೀಗೆ ಬರ್ದೆ" ಅಂತ ಕೇಳಿದರು. ಸುಮ್ಮನಿರಿ ಅಂದೆ. ಅವರು ಸುಮ್ಮನಿದ್ದರು. ಈಗ ಅವರೂ ಅಳ್ತಿದ್ದಾರೆ, ಅವತ್ತೇ ಕಿವಿ ಹಿಂಡಬೇಕಿತ್ತು ಅಂತ.

ಹತ್ತು ಪೆಟ್ಟಿಗೆಗೆ ಹತ್ತು ಸಾವಿರ ಅಂತ ಬಾಗಿಲಲ್ಲೇ ಹೇಳಿದವಳಿಗೆ 10⁶ ಬರಲ್ಲ ಅಂತ ಹೇಗೆ ನಂಬಿದೆ ಅಪ್ಪ? ಒಂದೇ ಕಾಗದದಲ್ಲಿ ಎರಡೂ ಇತ್ತು.

10⁶ ಅಂದರೆ 10³ರ ಸಾವಿರದಷ್ಟು. ಐದೂ ಹಾಳೆ ಮತ್ತೆ ಮಾಡಿ ಜೊತೆಗೆ ಇಟ್ಟಿದ್ದೀನಿ, ಎಲ್ಲ ಸರಿ ಇದೆ, ಹೆಡ್‌ಮಾಸ್ಟರಿಗೆ ತೋರಿಸು. ಜಗಲಿಯಲ್ಲಿ ಯಾರ ಮುಂದೆ ಬೇಕಾದರೂ ಓದಲಿ, ನನ್ನ ಹೆಸರೇ ಮೊದಲು ಬರುತ್ತೆ.

ಇಲ್ಲಿ ಎಲ್ಲರೂ ಒಳ್ಳೆಯವರು. ನಾನು ಮಷೀನಿನ ಪಕ್ಕ ಹಾಸಿಕೊಂಡು ಮಲಗ್ತೀನಿ, ಚಿಕ್ಕಮ್ಮ ತಲೆಗೆ ಎಣ್ಣೆ ಹಚ್ಚುತ್ತಾರೆ, ಒಂದು ದಿನವೂ ಬೈದಿಲ್ಲ. ಆದರೆ ನನಗೆ ನೀನು ಬೇಕು. ನೀನು ಸಂಜೆ ಮಾತಾಡದಿದ್ದರೂ ಪರವಾಗಿಲ್ಲ. ಸುಮ್ಮನೆ ಅಲ್ಲಿ ಕೂತಿರು, ಸಾಕು. ನನ್ನನ್ನು ಕರ್ಕೋ ಅಪ್ಪ.

ಚೂಟಿ


ಜನವರಿ 28

ಚೂಟಿ,

ನಿನ್ನ ಕಾಗದ ತರಗತಿಯ ನಡುವೆ ಕೈಗೆ ಬಂತು. ಓದುತ್ತಲೇ ಹೊರಗೆ ನಡೆದೆ, ಸೀಮೆಸುಣ್ಣ ಕೈಯಲ್ಲೇ ಇತ್ತು. ಐದೂ ಹಾಳೆಗಳನ್ನು ಹೆಡ್‌ಮಾಸ್ಟರ ಮೇಜಿನ ಮೇಲೆ ಹರಡಿದೆ. ಅವರು ಒಂದೊಂದನ್ನೂ ನೋಡಿದರು. ಬೇಗ ನೋಡಿ ಪಕ್ಕಕ್ಕಿಡಲಿಲ್ಲ, ನ್ಯಾಯವಾಗಿಯೇ ನೋಡಿದರು. "ಮೇಷ್ಟ್ರೇ, ಇಷ್ಟು ಚೆನ್ನಾಗಿ ಮಾಡೋ ಹುಡುಗಿ ಹೆಸರನ್ನು ನೀವೇ ಬಂದು ಹೊಡೆದುಹಾಕಿಸಿದ್ರಲ್ಲ" ಅಂದರು. ನಾನು ಬಾಯಿ ಬಿಟ್ಟು ಬೇಡಿಕೊಂಡೆ. ಇಷ್ಟು ವರ್ಷದಲ್ಲಿ ಅವರ ಕೋಣೆಯಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಆದರೆ ಪಟ್ಟಿ ಮೇಲಿನ ಕಚೇರಿಗೆ ಹೋಗಿಬಿಟ್ಟಿದೆ, ಸ್ಟೋರ್‌ಕೀಪರನ ಮಗಳ ಅರ್ಜಿಗೆ ಮೊಹರು ಬಿದ್ದಿದೆ. ಅವಳ ಜಾಗ ಕಿತ್ತು ನಿನಗೆ ಕೊಡಿ ಅಂತ ಕೇಳಲು ಬಾಯಿ ತೆರೆದೆ. ಆ ಮನುಷ್ಯ ಹೊರಗೆ ಬೆಂಚಿನ ಮೇಲೆ ಬೀಗದ ಕೈ ಗೊಂಚಲು ಹಿಡಿದು ಕೂತಿದ್ದ. ಕೇಳಲಿಲ್ಲ.

ಈ ಕೆಲಸ ಬಿಟ್ಟು ಬರಲೂ ಆಗದು. ಬರೆದುಕೊಟ್ಟಿರುವ ಕರಾರು ಇನ್ನೂ ಮೂರು ವರ್ಷ ಇದೆ, ಅಲ್ಲಿ ನನಗೆ ಬೇರೆ ಕೆಲಸವೂ ಇಲ್ಲ. ನೀನು ಹೋದ ಕಾಗದದಲ್ಲಿ ಕೇಳಿದ್ದಕ್ಕೆ ಇದು ಉತ್ತರ. ಇದನ್ನು ಬರೆಯುವುದಕ್ಕಿಂತ ಕೈ ಮುರಿದುಹೋಗಿದ್ದರೆ ಚೆನ್ನಾಗಿತ್ತು.

ನಿನ್ನ ಮೇಲೆ ಏನೂ ತಪ್ಪಿಲ್ಲ. ಸರಿ ಉತ್ತರ ಕಂಡರೆ ಪಕ್ಕದಲ್ಲಿ ಒಂದು ಗೀಟು ಎಳೆದು ಮುಂದಕ್ಕೆ ಹೋಗುವುದು ನನ್ನ ಅಭ್ಯಾಸ. ತಪ್ಪು ಕಂಡರೆ ಮಾತ್ರ ನಿಲ್ಲುತ್ತೇನೆ. ಮಗಳ ಹತ್ತಿರವೂ ಹಾಗೇ ಮಾಡಿದೆ. ನನಗೂ ನೀನು ಬೇಕು, ಚೂಟಿ. ಮೊದಲ ಕಾಗದದಲ್ಲೇ ಈ ಒಂದು ಸಾಲು ಬರೆಯಬೇಕಿತ್ತು, ಹಾಸ್ಟೆಲ್ ಕಟ್ಟಡದ ವಿಷಯ ಬರೆದೆ.

ರಜೆಗೆ ಬರುತ್ತೇನೆ.

ಅಪ್ಪ


ಏಪ್ರಿಲ್ 17

ಅಪ್ಪನಿಗೆ,

ನೀವು ರಜೆಗೆ ಬಂದು ಹೋದ ಮೇಲೆ ಫಲಿತಾಂಶ ಬಂತು. ಗಣಿತದಲ್ಲಿ ನೂರಕ್ಕೆ ನೂರು. ಜೂನ್‌ನಲ್ಲಿ ಇಲ್ಲೇ ಎಂಟನೇ ತರಗತಿ.

ಎಲ್ಲರೂ ಚೆನ್ನಾಗಿದ್ದಾರೆ. ಹುಷಾರು.

ಚೂಟಿ


ಜೂನ್ 20

ಚೂಟಿಗೆ,

ಏಪ್ರಿಲ್‌ನ ನಿನ್ನ ಕಾಗದ ನನ್ನ ಕಾಗದದ ಹಾಗೇ ಇತ್ತು. ಎರಡು ತಿಂಗಳು ನನಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. ಫೋನಿನಲ್ಲಿ ನೀನು "ಹೂಂ" ಅನ್ನುತ್ತೀಯ, ನಾನು "ಸರಿ" ಅನ್ನುತ್ತೇನೆ. ಈ ಸಲ ಲೆಕ್ಕದ ಹಾಳೆ ಇಟ್ಟಿಲ್ಲ, ತಿದ್ದುವುದಕ್ಕೂ ಏನಿಲ್ಲ. ಸುಮ್ಮನೆ ಬರೆಯುತ್ತಿದ್ದೇನೆ.

ಹಾಸ್ಟೆಲ್ ತೆರೆದರು. ಹೆಣ್ಣುಮಕ್ಕಳು ಟ್ರಂಕುಗಳ ಜೊತೆ ಬಂದಿಳಿದ ದಿನ ನಾನು ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೆ. ಈಗ ಸಂಜೆ ಅವರಿಗೆ ಗಣಿತ ಹೇಳಿಕೊಡುವ ಕೆಲಸ ನನಗೇ ಬಿದ್ದಿದೆ. ನಿನ್ನೆ ಘಾತಾಂಕವನ್ನು ಮತ್ತೆ ಮೊದಲಿಂದ ಶುರು ಮಾಡಿದೆ. ಸ್ಟೋರ್‌ಕೀಪರನ ಮಗಳು ತುಂಬ ಮೆತ್ತಗಿನ ಹುಡುಗಿ, ತಲೆ ಎತ್ತುವುದೇ ಇಲ್ಲ. ಎಲ್ಲರೂ ಎದ್ದು ಹೋದ ಮೇಲೂ ಅವಳು ಹಾಳೆ ಹಿಡಿದು ಕೂತಿದ್ದಳು. ನೋಡಿದರೆ 10³ × 10² = 10⁶.

ಕೆಂಪು ಪೆನ್ನು ತೆಗೆದವನು ಅದನ್ನು ಜೇಬಿಗೆ ಹಾಕಿಕೊಂಡೆ. ಅವಳ ಪಕ್ಕದ ಬೆಂಚಿನಲ್ಲಿ ಕೂತು, "ಇದು ನಿನಗೆ ಬರಲ್ವಾ ಮಗು, ಇಲ್ಲ ನಾನು ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಕೂತಿರಬೇಕಾ?" ಅಂತ ಕೇಳಿದೆ.

ಅವಳು ಹಾಳೆಯನ್ನು ನನ್ನ ಕಡೆ ಸರಿಸಿ, "ಎರಡೂ, ಮೇಷ್ಟ್ರೇ" ಅಂದಳು.

ನಾನು ಕೂತೆ. ಊಟದ ಗಂಟೆ ಹೊಡೆದರೂ ಏಳಲಿಲ್ಲ. ಅವಳು ಹತ್ತುಗಳನ್ನು ಬಿಡಿಸಿ ಬರೆದು, ಬೆರಳಿಟ್ಟು ಎಣಿಸಿ, ಐದು ಅಂತ ತಾನೇ ಕಂಡುಕೊಂಡಳು. ಸರಿಯಾದ ಮೇಲೂ ನಾನು ಎದ್ದು ಹೋಗಲಿಲ್ಲ. ಅವಳ ಮನೆ, ಅವಳ ತಮ್ಮ, ಅವಳಿಗೆ ಇಲ್ಲಿ ನಿದ್ದೆ ಬರುತ್ತದಾ ಇಲ್ಲವಾ, ಎಲ್ಲ ಕೇಳಿದೆ. ನನಗೆ ಅಷ್ಟು ಮಾತು ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಅಷ್ಟು ಹೊತ್ತೂ ಆ ಬೆಂಚಿನಲ್ಲಿ ನಾನು ಕೂತಿದ್ದದ್ದು ಇನ್ಯಾರದೋ ಮಗಳ ಪಕ್ಕದಲ್ಲಿ.

ಅಪ್ಪ